ಪ್ರೂಫ್ ನಾಣ್ಯಕ್ಕೆ ಪರೀಕ್ಷಕನ ಮುದ್ರೆ



ಮೂರು ವರ್ಷಗಳ ಹಿಂದೆ ನನ್ನ ಸೋದರಮಾವನವರು ತೀರಿಕೊಂಡಾಗ, ಮಕ್ಕಳಿಲ್ಲದ ಅವರ ಮನೆಯಿಂದ ನನ್ನ ಪಾಲಿಗೆ ಬಂದುದು ಒಂದು ಸಣ್ಣ ತೇಗದ ಪೆಟ್ಟಿಗೆ. ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಕಾಲದಲ್ಲಿ, ಸಂಬಳದಲ್ಲಿ ಉಳಿದ ಅಲ್ಪಸ್ವಲ್ಪದಿಂದ, ಯಾರಿಗೂ ಹೇಳದೆ, ಯಾರ ಮೆಚ್ಚುಗೆಯನ್ನೂ ಅಪೇಕ್ಷಿಸದೆ ಅವರು ಕೂಡಿಸಿಟ್ಟಿದ್ದ ಕೆಲವು ನಾಣ್ಯಗಳು ಅದರಲ್ಲಿದ್ದುವು. ಅವುಗಳಲ್ಲಿ ಈ ಹೊತ್ತಿನ ಮಾತಿಗೆ ಸಂಬಂಧಪಟ್ಟವು ಮೂರು: 1950ನೆಯ ಇಸವಿಯ ಏಳು ನಾಣ್ಯಗಳ ಒಂದು ಪ್ರೂಫ್ ಸೆಟ್ಟು; ಗಾಂಧೀಜಿಯವರ ಜನ್ಮಶತಾಬ್ದಿಯ ನೆನಪಿಗೆಂದು 1969ರಲ್ಲಿ ಹೊರಟ ಹತ್ತು ರೂಪಾಯಿಯ ಬೆಳ್ಳಿಯ ಪ್ರೂಫ್ ನಾಣ್ಯ; ಮತ್ತು ವಿಕ್ಟೋರಿಯಾ ರಾಣಿಯ ಮುಖವನ್ನು ಹೊತ್ತ, 1862 ಎಂಬ ವರ್ಷವುಳ್ಳ, ಕನ್ನಡಿಯಂತೆ ಹೊಳೆಯುವ ಒಂದು ರೂಪಾಯಿ. ನಾಣ್ಯಸಂಗ್ರಹದಲ್ಲಿ ಬಹುಕಾಲದಿಂದ ಆಸಕ್ತರಾದ ನನ್ನ ಸ್ನೇಹಿತರೊಬ್ಬರು ಪೆಟ್ಟಿಗೆಯನ್ನು ನೋಡಿದೊಡನೆಯೇ, “ಇವನ್ನು ಹೀಗೆ ಇಟ್ಟುಕೊಂಡು ಏನು ಮಾಡುತ್ತೀರಿ, ಸ್ವಾಮಿ? ಗ್ರೇಡಿಂಗಿಗೆ, ಎಂದರೆ ದರ್ಜೆ ಹಾಕಿಸಲು, ಕಳುಹಿಸಿ. ನಂಬರು ಬಿದ್ದು ಬಂದರೆ ಆಮೇಲೆ ಯಾರೂ ಪ್ರಶ್ನೆ ಎತ್ತುವ ಹಾಗಿಲ್ಲ” ಎಂದರು. ಕಳುಹಿಸಬೇಕೇ ಬೇಡವೇ ಎಂದು ಮೂರು ವರ್ಷಗಳಿಂದ ನಾನು ಯೋಚಿಸುತ್ತ ಬಂದಿದ್ದೇನೆ. ಆ ಯೋಚನೆಯ ಸಾರವನ್ನೇ ಈ ದಿನ ನಿಮ್ಮ ಮುಂದೆ ಇಡಬಯಸುತ್ತೇನೆ.

ಪ್ರೂಫ್ ಎಂಬ ಮಾತಿನ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಸರ್ವತ್ರ ಹಬ್ಬಿರುವುದರಿಂದ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಬಹು ಚೆನ್ನಾಗಿ ಉಳಿದುಬಂದ ನಾಣ್ಯಕ್ಕೆ ಪ್ರೂಫ್ ಎನ್ನುತ್ತಾರೆಂದು ಹಲವರು ಭಾವಿಸಿರುವುದುಂಟು. ಆದರೆ ಅದು ನಾಣ್ಯವು ಹುಟ್ಟಿದ ಬಗೆಗೆ ಇಟ್ಟ ಹೆಸರು. ನಿತ್ಯವ್ಯವಹಾರದ ನಾಣ್ಯಗಳು ಯಂತ್ರದಿಂದ ಕ್ಷಣಕ್ಕೆ ಹಲವಾರರಂತೆ ಉದುರಿ, ಒಂದರ ಮೇಲೊಂದು ಬಿದ್ದು, ಚೀಲಗಳಲ್ಲಿ ತುಂಬಿ ಹೊರಡುತ್ತವೆ. ಪ್ರೂಫ್ ನಾಣ್ಯಕ್ಕಾದರೋ ಟಂಕಸಾಲೆಯವರು ಅಚ್ಚನ್ನು ವಿಶೇಷವಾಗಿ ತಿಕ್ಕಿ ಹೊಳಪೇರಿಸಿ, ಲೋಹದ ಬಿಲ್ಲೆಯನ್ನೂ ಹಾಗೆಯೇ ಸಿದ್ಧಪಡಿಸಿ, ಬಿಲ್ಲೆಗಳನ್ನು ಒಂದೊಂದಾಗಿ ಅಚ್ಚುಗಳ ನಡುವೆ ಇಟ್ಟು, ಒಂದಕ್ಕಿಂತ ಹೆಚ್ಚು ಸಲ ನಿಧಾನವಾಗಿ, ಬಲವಾಗಿ ಒತ್ತಿ, ಬೇರೊಂದು ನಾಣ್ಯದ ಸ್ಪರ್ಶವಾಗದಂತೆ ಹೊರಗೆ ತೆಗೆಯುತ್ತಾರೆ. ಆದುದರಿಂದಲೇ ಅದರ ಬಯಲು ನಿಶ್ಚಲವಾದ ಕೊಳದ ನೀರಿನಂತೆಯೂ, ಅದರ ಮೇಲಿನ ಉಬ್ಬುಚಿತ್ರ ಮಂಜು ಮುಸುಕಿದಂತೆ ಬೆಳ್ಳಗೂ ಕಾಣುತ್ತವೆ. ನಮ್ಮ ಮುಂಬಯಿಯ ಟಂಕಸಾಲೆಯು ಸಾಮಾನ್ಯ ನಾಣ್ಯಗಳ ಮೇಲೆ ಸಣ್ಣದೊಂದು ವಜ್ರಾಕೃತಿಯನ್ನೂ, ಪ್ರೂಫ್ ನಾಣ್ಯಗಳ ಮೇಲೆ ‘ಬಿ’ ಎಂಬ ರೋಮನ್ ಅಕ್ಷರವನ್ನೂ ಒತ್ತುತ್ತಿತ್ತು. 1996ರಿಂದ ಆ ಅಕ್ಷರ ‘ಎಂ’ ಆಯಿತು. ಇಂಥ ನಾಣ್ಯವು ಕೈಯಿಂದ ಕೈಗೆ ತಿರುಗಿ ಸವೆದರೂ ಪ್ರೂಫ್ ಆಗಿಯೇ ಉಳಿಯುತ್ತದೆ: ಕೆಟ್ಟುಹೋದ ಪ್ರೂಫ್.

ನಾಣ್ಯವನ್ನು ಪರೀಕ್ಷಿಸಿ ಹೇಳುವ ವೃತ್ತಿ ಈಚಿನದೆಂದು ತಿಳಿಯಬೇಕಾದುದಿಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಇದ್ದ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯ ಪ್ರತಿಯಿಂದ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪದರ್ಶಕನೆಂಬ ಅಧಿಕಾರಿಯ ಉಲ್ಲೇಖವಿದೆ. ವ್ಯವಹಾರಕ್ಕೆ ಸಲ್ಲುವ ನಾಣ್ಯ ಯಾವುದು, ಬೊಕ್ಕಸಕ್ಕೆ ಸೇರತಕ್ಕದ್ದು ಯಾವುದು ಎಂಬುದನ್ನು ನಿರ್ಣಯಿಸುವುದು ಅವನ ಕೆಲಸ. ಪರೀಕ್ಷೆಯ ಶುಲ್ಕ ನೂರಕ್ಕೆ ಒಂದರ ಎಂಟನೆಯ ಒಂದು ಪಾಲು. ನಮ್ಮ ಭಾಷೆಯಲ್ಲಿಯೂ ಈ ವೃತ್ತಿಗೆ ಸೊಗಸಾದ ಹೆಸರುಗಳಿವೆ. ಚಿನಿವಾರನೆಂದರು, ಶರಾಫನೆಂದರು, ಎಲ್ಲಕ್ಕಿಂತ ನನಗೆ ಪ್ರಿಯವಾದುದು ನೋಟಗಾರನೆಂಬ ಮಾತು. ಹಣವನ್ನು ನೋಡಿ ಹೇಳುವವನು ನೋಟಗಾರ. ಕಣ್ಣೇ ಅವನ ಬಂಡವಾಳ. ಹಳೆಯ ಕಾಲದ ನೋಟಗಾರನು ತಾನು ಒಪ್ಪಿದ ನಾಣ್ಯದ ಮೇಲೆ ಸಣ್ಣದೊಂದು ಗುರುತನ್ನು ಕುಟ್ಟುತ್ತಿದ್ದುದುಂಟು. ಮೊಗಲರ ಕಾಲದ, ಕಂಪನಿಯ ಕಾಲದ ಎಷ್ಟೋ ರೂಪಾಯಿಗಳ ಮೈಮೇಲೆ ಆ ಉಳಿಯ ಗಾಯಗಳನ್ನು ಇಂದಿಗೂ ಕಾಣಬಹುದಾಗಿದೆ. ಅಂದಿನ ಪರೀಕ್ಷಕನು ತನ್ನ ತೀರ್ಪನ್ನು ನಾಣ್ಯದ ಮೇಲೆಯೇ ಬರೆಯುತ್ತಿದ್ದನು. ಇಂದಿನ ಪರೀಕ್ಷಕನು ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ನೋಡಿ, ಗಡಸು ಪ್ಲಾಸ್ಟಿಕ್ಕಿನ ಕರಡಿಗೆಯಲ್ಲಿ ಅದನ್ನು ಮುದ್ರೆಮಾಡಿ, ತೀರ್ಪನ್ನು ಕರಡಿಗೆಯೊಳಗಿನ ಚೀಟಿಯ ಮೇಲೆ ಅಚ್ಚುಹಾಕುತ್ತಾನೆ. ಸಂಗ್ರಾಹಕರು ಆ ಕರಡಿಗೆಯನ್ನು ‘ಸ್ಲ್ಯಾಬ್’ ಎನ್ನುತ್ತಾರೆ.

ಆ ಚೀಟಿಯ ಮೇಲಿನ ಅಂಕಿಗೂ ಒಂದು ಚರಿತ್ರೆಯಿದೆ. ಅದನ್ನು ತಿಳಿದರೆ ಅದರ ಬಗೆಗಿನ ಭಯಭಕ್ತಿಗಳು ಸ್ವಲ್ಪ ಹದಕ್ಕೆ ಬರುತ್ತವೆ. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬ ವಿದ್ವಾಂಸರು, 1793ರಿಂದ 1814ರವರೆಗಿನ ತಮ್ಮ ದೇಶದ ದೊಡ್ಡ ತಾಮ್ರದ ಸೆಂಟುಗಳನ್ನು ಕುರಿತು ಪುಸ್ತಕ ಬರೆಯುವಾಗ, 1ರಿಂದ 70ರವರೆಗಿನ ಒಂದು ಮಾನವನ್ನು ಕಲ್ಪಿಸಿದರು. ಗುರುತು ಹಿಡಿಯಲಷ್ಟೇ ಸಾಧ್ಯವಾಗುವಂತೆ ಸವೆದ ಸೆಂಟಿಗೆ 1, ಪರಿಪೂರ್ಣವಾದುದಕ್ಕೆ 70. ಹೀಗೇಕೆಂದರೆ, ಅವರ ಲೆಕ್ಕದಲ್ಲಿ ಎರಡನೆಯದರ ಬೆಲೆ ಮೊದಲನೆಯದರ ಎಪ್ಪತ್ತು ಪಟ್ಟು. ಒಂದು ದೇಶದ, ಒಂದು ಲೋಹದ, ಒಂದೇ ಬಗೆಯ ನಾಣ್ಯಗಳ ಅಂದಿನ ಪೇಟೆಯ ಧಾರಣೆಯನ್ನು ಹೇಳಲು ಹುಟ್ಟಿದ ಅಂಕಿಯು ಕಾಲಕ್ರಮದಲ್ಲಿ ಎಲ್ಲ ದೇಶಗಳ, ಎಲ್ಲ ಲೋಹಗಳ ನಾಣ್ಯಗಳ ಸ್ಥಿತಿಯನ್ನು ಅಳೆಯುವ ಗಜಕಡ್ಡಿಯಾಯಿತು. 1986ರಲ್ಲಿ ಪಿ.ಸಿ.ಜಿ.ಎಸ್. ಎಂಬ ಸಂಸ್ಥೆಯೂ, ಮರುವರ್ಷ ಎನ್.ಜಿ.ಸಿ. ಎಂಬುದೂ ಅಮೆರಿಕದಲ್ಲಿ ಹುಟ್ಟಿ ಈ ವೃತ್ತಿಗೆ ಈಗಿನ ರೂಪವನ್ನು ಕೊಟ್ಟುವು. ಅಲ್ಲಿ ನಾಣ್ಯ ಯಾರದೆಂಬುದು ಪರೀಕ್ಷಕರಿಗೆ ತಿಳಿಯದು. ಒಬ್ಬರಿಗಿಂತ ಹೆಚ್ಚು ಮಂದಿ ಬೇರೆಬೇರೆಯಾಗಿ ನೋಡಿ ಅಭಿಪ್ರಾಯ ಕೊಡುತ್ತಾರೆ. ಖೋಟಾ ನಾಣ್ಯವನ್ನು ಸಾಚಾ ಎಂದು ಮುದ್ರೆಮಾಡಿದ್ದರೆ ಹೊಣೆ ಹೊರುತ್ತಾರೆ. ಇದು ನಿಸ್ಸಂಶಯವಾಗಿ ಗೌರವಾರ್ಹವಾದ ಏರ್ಪಾಟು. ನಾಣ್ಯದ ಪೇಟೆಯಲ್ಲಿ ಮಾರುವವನೇ ವರ್ಣಿಸುವವನೂ ಆಗಿದ್ದ ಕಾಲದಲ್ಲಿ ಹೊಸಬನಾದ ಕೊಳ್ಳುವವನು ಎಷ್ಟು ಅಸಹಾಯನಾಗಿದ್ದನೆಂಬುದನ್ನು ಬಲ್ಲವರು ಈ ಮೂರನೆಯವನ ಮಾತಿನ ಬೆಲೆಯನ್ನು ಅಲ್ಲಗಳೆಯಲಾರರು.

ಹಾಗಾದರೆ ಅನುಮಾನವೇಕೆ? ನಾವು ಆ ನೋಟಗಾರನನ್ನು ಯಾವ ಪ್ರಶ್ನೆ ಕೇಳುತ್ತಿದ್ದೇವೆಂಬುದು ಅನೇಕ ವೇಳೆ ನಮಗೇ ಸ್ಪಷ್ಟವಾಗಿರುವುದಿಲ್ಲವಾದುದರಿಂದ. ಇದು ಸಾಚಾ ನಾಣ್ಯವೇ ಎಂಬುದು ಒಂದು ಪ್ರಶ್ನೆ. ಯಾರಾದರೂ ಇದನ್ನು ಉಜ್ಜಿ ತೊಳೆದಿದ್ದಾರೆಯೇ ಎಂಬುದು ಇನ್ನೊಂದು. ಇದು 69ಕ್ಕೆ ಸಲ್ಲುತ್ತದೆಯೇ 70ಕ್ಕೆ ಸಲ್ಲುತ್ತದೆಯೇ ಎಂಬುದು ಮತ್ತೊಂದು. ಮೊದಲಿನ ಎರಡಕ್ಕೆ ಹಣ ಕೊಡುವುದು ವಿವೇಕ. ಮೂರನೆಯದಕ್ಕೆ ಕೊಡುವುದು ಎಷ್ಟೋ ಸಲ ಅಪವ್ಯಯ. ಐದು ಪಟ್ಟು ಹಿರಿದಾಗಿಸಿ ನೋಡಿದರೂ ಯಾವ ಕುಂದೂ ಕಾಣದ ನಾಣ್ಯ 70. ಹಾಗೆ ಹಿರಿದಾಗಿಸಿದಾಗ ಧೂಳಿನ ಕಣದಷ್ಟು ಕುಂದು ಕಂಡರೆ 69. ಇಂದಿನ ಟಂಕಸಾಲೆಗಳ ಕೌಶಲವಾದರೋ ಎಷ್ಟು ಮುಂದುವರಿದಿದೆಯೆಂದರೆ, ಡಬ್ಬಿಯಿಂದ ಈಗತಾನೆ ತೆಗೆದ ಹೊಸ ಪ್ರೂಫ್ ನಾಣ್ಯಗಳಲ್ಲಿ ಬಹುಪಾಲು ಈ ಎರಡು ಅಂಕಿಗಳಲ್ಲೊಂದನ್ನೇ ಪಡೆಯುತ್ತವೆ. ಹಾಗಿರುವಾಗ 69 ಪಡೆದುಬಂದ ಹೊಸ ನಾಣ್ಯವು ಪೇಟೆಯಲ್ಲಿ ಏನೂ ಪಡೆಯದೆ ಡಬ್ಬಿಯಲ್ಲೇ ಕುಳಿತ ಅದರ ಒಡಹುಟ್ಟಿಗಿಂತ ಹೆಚ್ಚಿಗೆ ಬಾಳುವುದು ಅತ್ಯಲ್ಪ. ಪರೀಕ್ಷೆಯ ಶುಲ್ಕ, ಹೋಗಿಬರುವ ಅಂಚೆಯ ವೆಚ್ಚ, ವಿಮೆ ಇವುಗಳನ್ನು ಕೂಡಿದರೆ ಆ ಹೆಚ್ಚಳ ಕರಗಿಹೋಗುತ್ತದೆ. 70 ಪಡೆದುದು ಹೆಚ್ಚು ಬಾಳುವುದು ನಿಜ. ಆದರೆ ಆ ಹೆಚ್ಚಳವು 70 ಪಡೆದವು ವಿರಳವಾಗಿರುವವರೆಗೆ ಮಾತ್ರ. ಅಮೆರಿಕದ ಟಂಕಸಾಲೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಲ್ಲಿಸಿದ್ದ ಪ್ರೂಫ್ ಸೆಟ್ಟುಗಳನ್ನು 1950ರಲ್ಲಿ ಮತ್ತೆ ಆರಂಭಿಸಿದಾಗ ಹೊರಟವು 51,386. 1964ರಲ್ಲಿ ಹೊರಟವು 39,50,762. ಇಷ್ಟು ಸಂಖ್ಯೆಯಲ್ಲಿ, ಅದೂ ಕೊಂಡವರೆಲ್ಲ ಜೋಪಾನವಾಗಿಯೇ ಎತ್ತಿಟ್ಟ ವಸ್ತುವಿಗೆ, ಕೇವಲ ಅಂಕಿಯಿಂದ ಅಪೂರ್ವತೆ ಬರುವುದೆಂತು?

ಇನ್ನೊಂದು ಮಾತು. ಒಂದೇ ನಾಣ್ಯವನ್ನು ಕರಡಿಗೆ ಒಡೆದು ತೆಗೆದು ಮತ್ತೆ ಕಳುಹಿಸಿದರೆ ಬೇರೊಂದು ಅಂಕಿ ಬರುವುದುಂಟು. ಇದರಲ್ಲಿ ಮೋಸವೇನೂ ಇಲ್ಲ; ಕಣ್ಣು ಕೊಡುವ ತೀರ್ಪು ತಕ್ಕಡಿ ಕೊಡುವ ತೂಕದಂತಿರಲಾರದು, ಅಷ್ಟೆ. ಒಂದೊಂದು ದರ್ಜೆಯಲ್ಲಿ ಎಷ್ಟೆಷ್ಟು ನಾಣ್ಯಗಳಿವೆಯೆಂದು ಆ ಸಂಸ್ಥೆಗಳು ಪ್ರಕಟಿಸುವ ಪಟ್ಟಿಗಳನ್ನು ಓದುವಾಗಲೂ, ಹೀಗೆ ಮರಳಿ ಹೋದವು ಅಲ್ಲಿ ಎರಡೆರಡು ಸಲ ಎಣಿಕೆಯಾಗಿರಬಹುದೆಂಬುದನ್ನು ನೆನಪಿನಲ್ಲಿಡಬೇಕು.

ಈಗ ನನ್ನ ಪೆಟ್ಟಿಗೆಗೆ ಮರಳುತ್ತೇನೆ. ಗಾಂಧೀಜಿಯವರ ಹತ್ತು ರೂಪಾಯಿ ಹದಿನೈದು ಗ್ರಾಂ ತೂಕದ್ದು, ನೂರಕ್ಕೆ ಎಂಬತ್ತು ಪಾಲು ಬೆಳ್ಳಿಯದು. ಮುಮ್ಮುಖದ ಸಿಂಹಸ್ತಂಭದ ಸುತ್ತ ಇರುವ ಬಯಲಿನಲ್ಲಿ ಮುಖ ನೋಡಿಕೊಳ್ಳಬಹುದು. ಹಿಮ್ಮುಖದಲ್ಲಿ ಅಂಥದೇ ಸ್ವಚ್ಛತೆಯ ನಡುವೆ ಮಹಾತ್ಮರ ಮುಖಮುದ್ರೆಯೂ 1869–1948 ಎಂಬ ಅಂಕಿಗಳೂ ಎದ್ದು ನಿಂತಿರುವ ಬಗೆಯನ್ನು ಕಂಡಾಗಲೆಲ್ಲ ಮನಸ್ಸು ಮೃದುವಾಗುತ್ತದೆ. ಇದಕ್ಕೆ ದರ್ಜೆ ಹಾಕಿಸುವ ಪ್ರಶ್ನೆಯನ್ನು ನಾನೇ, ನನ್ನ ಕೈಯಾರೆ, ಮುಗಿಸಿಬಿಟ್ಟೆ. ಪೆಟ್ಟಿಗೆ ಮನೆಗೆ ಬಂದ ದಿನವೇ, ನಾಣ್ಯದ ಮೇಲೆ ಕಂಡ ತೆಳುವಾದ ಮಬ್ಬನ್ನು ಧೂಳೆಂದು ಭ್ರಮಿಸಿ, ಪಂಚೆಯ ಸೆರಗಿನಿಂದ ಮೆಲ್ಲಗೆ ಒರೆಸಿದೆನು. ಮೆಲ್ಲಗೆ ಎಂದೆ, ಆದರೆ ಆ ದರ್ಪಣಕ್ಕೆ ಮೆಲ್ಲನೆಯ ಒರಸು ಎಂಬುದಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಬಯಲಿನ ತುಂಬ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ, ನನ್ನ ಕೈ ಚಲಿಸಿದ ದಿಕ್ಕಿಗೆ, ಎದ್ದು ಕಂಡುವು. ಮಾವನವರ ಕೈಯಲ್ಲಿ ಅಷ್ಟು ದೀರ್ಘಕಾಲ ಅಕ್ಷತವಾಗಿದ್ದುದು ನನ್ನ ಕೈಯಲ್ಲಿ ಅರೆಗಳಿಗೆಯೂ ಉಳಿಯಲಿಲ್ಲ. ಆ ದುಃಖ ನನಗಿನ್ನೂ ಹೋಗಿಲ್ಲ. ಇಂಥ ನಾಣ್ಯವನ್ನು ಕಳುಹಿಸಿದರೆ ಅಂಕಿ ಬಾರದು. ಸಾಚಾ ನಾಣ್ಯ, ಆದರೆ ಉಜ್ಜಿ ಶುಚಿಮಾಡಿದುದು ಎಂಬ ಒಕ್ಕಣೆ ಮಾತ್ರ ಬರುತ್ತದೆ. ಹಣ ಕೊಟ್ಟು ಆ ಒಕ್ಕಣೆಯನ್ನು ತರಿಸಿಕೊಳ್ಳುವ ಮೊದಲು ಪ್ರತಿಯೊಬ್ಬರೂ ಒಂದೇ ಒಂದು ದೀಪದ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಓರೆಮಾಡಿ, ನಿಧಾನವಾಗಿ ತಿರುಗಿಸುತ್ತ, ಭೂತಗನ್ನಡಿಯಿಂದ ನೋಡಿದರೆ ಪರೀಕ್ಷಕನು ಹೇಳುವುದರಲ್ಲಿ ಮುಕ್ಕಾಲುಪಾಲನ್ನು ತಾವೇ ಕಾಣಬಹುದು. ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಲಿ. ನಾಣ್ಯದ ಮೇಲೆ ಬಾಗಿ ಮಾತನಾಡದಿರಲಿ, ಎಂಜಲಿನ ಸಣ್ಣ ಹನಿಯೂ ಬಿದ್ದಲ್ಲಿ ಕಲೆಯಾಗುತ್ತದೆ.

1950ರ ಸೆಟ್ಟಿನ ಮಾತು ಬೇರೆ. ಗಣರಾಜ್ಯದ ಮೊದಲ ವರ್ಷದ ಏಳು ನಾಣ್ಯಗಳು ಅವು: ರೂಪಾಯಿ, ಅರ್ಧ, ಪಾವಲಿ ಇವು ನಿಕ್ಕಲ್ಲಿನವು, ಎರಡಾಣೆ, ಒಂದಾಣೆ, ಅರ್ಧಾಣೆ ತಾಮ್ರ-ನಿಕ್ಕಲ್ಲಿನ ಬೆರಕೆಯವು, ಕುದುರೆಯ ಚಿತ್ರವುಳ್ಳ ಪೈಸೆ ಕಂಚಿನದು. ರಾಜನ ತಲೆ ಇದ್ದಲ್ಲಿ ಅಶೋಕನ ಸಿಂಹಗಳು ಬಂದು ಕುಳಿತ ಆ ಸಂಧಿಕಾಲವನ್ನು ನೆನೆದರೆ, ಏಳು ನಾಣ್ಯಗಳೂ ಒಂದೇ ಡಬ್ಬಿಯಲ್ಲಿ ಒಟ್ಟಾಗಿರುವುದರಲ್ಲಿಯೇ ಅವುಗಳ ಅರ್ಥವಿದೆಯೆಂದು ನನಗೆ ತೋರುತ್ತದೆ. ದರ್ಜೆ ಹಾಕಿಸಬೇಕಾದರೆ ಡಬ್ಬಿಯಿಂದ ತೆಗೆಯಬೇಕು. ಏಳೂ ಏಳು ಕರಡಿಗೆಗಳಾಗಿ ಬರುತ್ತವೆ. ಒಂದಕ್ಕೆ 66, ಒಂದಕ್ಕೆ 64, ಇನ್ನೊಂದಕ್ಕೆ ಕಲೆಯೆಂಬ ಕಾರಣದಿಂದ ಏನೂ ಇಲ್ಲ ಎಂಬಂತಾದರೆ, ಒಂದು ಕುಟುಂಬವನ್ನು ಪಂಕ್ತಿಭೇದ ಮಾಡಿ ಕೂರಿಸಿದಂತಾಗುತ್ತದೆ. ಆದರೆ ಇದಕ್ಕೆ ಪ್ರತಿಯಾಗಿ ಹೇಳಬೇಕಾದ ಮಾತೂ ಇದೆ, ಅದನ್ನು ಮರೆಮಾಡಲಾರೆ. ಈ ಸೆಟ್ಟು ವಿರಳವಾದುದು; ನನ್ನ ಅನಂತರ ಇದು ನಾಣ್ಯದ ಪರಿಚಯವೇ ಇಲ್ಲದ ನನ್ನ ಮಗಳ ಕೈಸೇರುತ್ತದೆ; ಅಂಥವಳಿಗೆ ಯಾವ ವ್ಯಾಪಾರಿಯಾದರೂ ‘ಅಮ್ಮಾ, ಇವು ಸಾಧಾರಣ ನಾಣ್ಯಗಳು, ಯಾರೋ ಹೊಳಪು ಕೊಟ್ಟಿದ್ದಾರೆ’ ಎಂದರೆ ಅವಳು ನಂಬಬೇಕಾಗುತ್ತದೆ. ಆಗ ಆ ಕರಡಿಗೆಯ ಚೀಟಿಯು ಸತ್ತವನ ಪರವಾಗಿ ನಿಂತು ನುಡಿಯುವ ಸಾಕ್ಷಿಯಾಗುತ್ತದೆ. ತಿಳಿಯದ ವಾರಸುದಾರರಿಗಾಗಿ ದರ್ಜೆ ಹಾಕಿಸುವುದನ್ನು ನಾನು ಎಂದಿಗೂ ವ್ಯರ್ಥವೆನ್ನಲಾರೆ.

ಮೂರನೆಯದು, ಆ ವಿಕ್ಟೋರಿಯಾ ರೂಪಾಯಿ. ಎಲ್ಲಕ್ಕಿಂತ ಹೆಚ್ಚಾಗಿ ಪರೀಕ್ಷಕನ ಮಾತು ಬೇಕಾದುದು ಇದಕ್ಕೆ; ಎಲ್ಲಕ್ಕಿಂತ ಹೆಚ್ಚಾಗಿ ತೊಡಕು ಇರುವುದೂ ಇದರಲ್ಲಿಯೇ. ಹಳೆಯ ಪ್ರೂಫ್ ನಾಣ್ಯಗಳನ್ನು ಬಯಸಿದ ಸಂಗ್ರಾಹಕರಿಗಾಗಿ ಕಲ್ಕತ್ತೆ ಮುಂಬಯಿಗಳ ಟಂಕಸಾಲೆಗಳು, ತಮ್ಮಲ್ಲಿದ್ದ ಹಳೆಯ ಅಚ್ಚುಗಳಿಂದ, ನಾಣ್ಯದ ಮೇಲಿನ ವರ್ಷ ಕಳೆದು ಎಷ್ಟೋ ದಶಕಗಳಾದ ಮೇಲೆಯೂ ಹೊಸದಾಗಿ ಟಂಕಿಸಿ ಕೊಡುತ್ತಿದ್ದುವು. ಈ ಪದ್ಧತಿ ಇಪ್ಪತ್ತನೆಯ ಶತಮಾನದ ಏಳನೆಯ ದಶಕದವರೆಗೂ ನಡೆದುಬಂದಿತು. ಇವನ್ನು ಮರುಟಂಕಗಳೆನ್ನಬಹುದು. ಖೋಟಾ ಎನ್ನುವಂತಿಲ್ಲ, ಟಂಕಸಾಲೆಯೇ ಮಾಡಿದ್ದು. ಮೂಲವೆನ್ನುವಂತೆಯೂ ಇಲ್ಲ, ನಾಣ್ಯದ ಮೇಲಿನ ವರ್ಷದ ಕಾಲದಲ್ಲಿ ಹುಟ್ಟಿದ್ದಲ್ಲ. ಎರಡರ ಬೆಲೆಗೂ ಅಜಗಜಾಂತರ. ಬಯಲಿನಲ್ಲಿ ಅಚ್ಚನ್ನು ತಿಕ್ಕಿದ ಗೆರೆಗಳು, ತುಕ್ಕು ಹಿಡಿದ ಅಚ್ಚು ಬಿಟ್ಟ ಸಣ್ಣ ಗುಳ್ಳೆಗಳು ಇಂಥ ಗುರುತುಗಳನ್ನು, ಅಂಥ ಹಲವು ನಾಣ್ಯಗಳನ್ನು ಒಟ್ಟಿಗೆ ಕಂಡ ಕಣ್ಣು ಮಾತ್ರ ಓದಬಲ್ಲುದು. ಒಂದೇ ಒಂದನ್ನು ಕಂಡ ನನ್ನ ಕಣ್ಣಿಗೆ ಅದು ಅಸಾಧ್ಯ. ಇಲ್ಲಿ ನನಗೆ ಅಂಕಿ ಬೇಕಾಗಿಲ್ಲ. ‘ಮೂಲ’ ಅಥವಾ ‘ಮರುಟಂಕ’ ಎಂಬ ಒಂದು ಶಬ್ದ ಸಾಕು. ಆ ಒಂದು ಶಬ್ದಕ್ಕೆ ಶುಲ್ಕ ತೆರಲು ನಾನು ಸಿದ್ಧನಿದ್ದೇನೆ.

ಆದರೆ ಅದಕ್ಕಾಗಿ ನಾಣ್ಯವನ್ನು ಅಮೆರಿಕದ ಆ ಸಂಸ್ಥೆಗಳಿಗೆ ಕಳುಹಿಸೋಣವೆಂದರೆ, ನಮ್ಮ ದೇಶದಲ್ಲಿ 1972ರ ಪುರಾವಸ್ತು ಮತ್ತು ಕಲಾನಿಧಿಗಳ ಕಾಯಿದೆಯೆಂಬುದಿದೆ. ನೂರು ವರ್ಷಕ್ಕೆ ಕಡಮೆಯಿಲ್ಲದ ವಯಸ್ಸಿನ ನಾಣ್ಯವೂ ಅದರ ದೃಷ್ಟಿಯಲ್ಲಿ ಪುರಾವಸ್ತುವೇ; ಅದನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಕಳುಹಿಸುವಂತಿಲ್ಲ, ಪರೀಕ್ಷೆಗೆಂದು ಕೊಟ್ಟು ಮರಳಿ ತರಿಸುತ್ತೇನೆಂದರೂ ಇಲ್ಲ. ಈ ಕಾಯಿದೆಯನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಅದಿಲ್ಲದಿದ್ದರೆ ನಮ್ಮ ನೆಲದಲ್ಲಿ ಉಳಿದಿರುವುದೂ ಉಳಿಯುತ್ತಿರಲಿಲ್ಲ. ಆದರೆ ನನ್ನ ರೂಪಾಯಿಯ ಪಾಡನ್ನು ನೋಡಿರಿ. ಇದು ಮೂಲವಾದರೆ ನೂರೈವತ್ತು ವರ್ಷ ಮೀರಿದ ಪುರಾವಸ್ತು, ಕಳುಹಿಸಬಾರದು; ನೂರು ವರ್ಷಕ್ಕೆ ಈಚಿನ ಮರುಟಂಕವಾದರೆ ಕಳುಹಿಸಬಹುದು; ಯಾವುದೆಂದು ತಿಳಿಯಲೆಂದೇ ಕಳುಹಿಸಬೇಕಾಗಿದೆ. ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಕೊಡಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ಏರ್ಪಾಟುಂಟು. ಆ ಪ್ರಮಾಣಪತ್ರ ಕೊಡುವವರಿಗೆ ನಾಣ್ಯದ ವಯಸ್ಸು ತಿಳಿಯುವುದಾದರೆ ನನ್ನ ಪ್ರಶ್ನೆಗೆ ಉತ್ತರ ಇಲ್ಲಿಯೇ ದೊರೆತಂತಾಯಿತು. ಕಡಲಾಚೆಗೆ ಹೋಗುವ ಅಗತ್ಯವೇ ಉಳಿಯುವುದಿಲ್ಲ. ಸಮುದ್ರದ ಆಚೆಯ ಅಂಕಿಗಿಂತ ಈಚೆಯ ನೋಟಗಾರನನ್ನು ಮೊದಲು ಹುಡುಕಬೇಕೆಂಬ ಬುದ್ಧಿ ನನಗೆ ಬಂದುದು ಹೀಗೆ.

ಕಾಪಾಡುವ ವಿಷಯದಲ್ಲಿ ಎರಡು ಮಾತು ಹೇಳದೆ ಮುಗಿಸಲಾರೆ. ದರ್ಜೆಯ ಕರಡಿಗೆಗೆ ಹೋದರೆ ನಾಣ್ಯ ಎಂದೆಂದಿಗೂ ಕ್ಷೇಮವೆಂದು ನಂಬಿದವರಿದ್ದಾರೆ. ಕೈಯ ಬೆವರಿನಿಂದ, ಬೀಳುವುದರಿಂದ, ಒರೆಸುವವರಿಂದ ಅದು ರಕ್ಷಿಸುತ್ತದೆ. ಗಾಳಿಯಿಂದ ಪೂರ್ಣವಾಗಿ ರಕ್ಷಿಸಲಾರದು. ಕರಾವಳಿಯಲ್ಲಿ, ಮಲೆನಾಡಿನಲ್ಲಿ, ನಾಲ್ಕು ತಿಂಗಳು ಗೋಡೆಗಳೇ ಬೆವರುವ ಮಳೆಗಾಲದಲ್ಲಿ, ಗಾಳಿಯೊಳಗಿನ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪಾಗಿಸದೆ ಬಿಡುವುದಿಲ್ಲ. ಕಂಚು ಅದಕ್ಕಿಂತಲೂ ಬೇಗ ಕಂದುತ್ತದೆ. ಇದಕ್ಕಿಂತ ಘೋರವಾದುದು, ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ಮೆದುವಾದ ಪಿ.ವಿ.ಸಿ. ಚೀಲ: ಅದು ಕಾಲ ಕಳೆದಂತೆ ಒಸರುವ ದ್ರವ್ಯದಿಂದ ನಾಣ್ಯದ ಮೇಲೆ ಹಸುರು ಜಿಗುಟು ಕೂಡಿ, ಲೋಹವನ್ನೇ ತಿನ್ನತೊಡಗುತ್ತದೆ. ದರ್ಜೆಯ ವಿಚಾರವನ್ನು ಮುಂದಕ್ಕೆ ಹಾಕಿದರೂ ಹಾಕಬಹುದು. ಆ ಚೀಲಗಳಿಂದ ನಾಣ್ಯಗಳನ್ನು ಹೊರಗೆ ತೆಗೆಯುವುದನ್ನು ಈ ರಾತ್ರಿಯೇ ಮಾಡಿರಿ. ನಾಣ್ಯದ ಅಳತೆಗೆ ಸರಿಯಾದ ಗಡಸು ಡಬ್ಬಿಗಳು ಅದೇ ಅಂಗಡಿಗಳಲ್ಲಿ ಸಿಕ್ಕುತ್ತವೆ.

ಈಗ ನನ್ನ ತೀರ್ಮಾನ ಹೀಗಿದೆ. ಗಾಂಧೀಜಿಯವರ ಹತ್ತು ರೂಪಾಯಿ, ನನ್ನ ಕೈಯ ಗೀರುಗಳೊಡನೆ, ನನ್ನ ಬಳಿಯಲ್ಲಿಯೇ ಇರುತ್ತದೆ. ವಿಕ್ಟೋರಿಯಾ ರೂಪಾಯಿಯನ್ನು ತೆಗೆದುಕೊಂಡು, ಬ್ರಿಟಿಷ್ ಇಂಡಿಯಾದ ಪ್ರೂಫ್ ನಾಣ್ಯಗಳನ್ನು ನಲವತ್ತು ವರ್ಷಗಳಿಂದ ಕೂಡಿಸುತ್ತ ಬಂದಿರುವ ಬೆಂಗಳೂರಿನ ಹಿರಿಯರೊಬ್ಬರಲ್ಲಿಗೆ ಬರುವ ಭಾನುವಾರ ಹೋಗುತ್ತೇನೆ. ತಮ್ಮಲ್ಲಿರುವ ಎರಡು ಮರುಟಂಕಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡೋಣವೆಂದು ಅವರು ಕಾಗದ ಬರೆದಿದ್ದಾರೆ. ಏಳು ನಾಣ್ಯಗಳ ಸೆಟ್ಟಿನ ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು, ಒಂದೊಂದನ್ನೂ ದೀಪಕ್ಕೆ ಓರೆಮಾಡಿ ತೋರಿಸಿ, ಅವಳು ಕಂಡುದನ್ನು ಅವಳ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆಯಿಸತೊಡಗಿದ್ದೇನೆ. ಕಳೆದ ವಾರ ಪೈಸೆಯ ಸರದಿ ಬಂದಿತ್ತು. ಕುದುರೆಯ ಮುಂಗಾಲಿನ ಕೆಳಗೆ ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದಿದೆಯೆಂದು ಅವಳು ಹೇಳಿದಳು. ಮೂರು ವರ್ಷಗಳಿಂದ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.